ಪಿಟೀಲು ಕೋಣೆಯಿಂದ ಹೊರಗೆ ಬರಲಿ

ಮದುವೆಗೆ ಮುಂಚೆ ಜೂನಿಯರ್ ಪರೀಕ್ಷೆ ಪಾಸು ಮಾಡಿ, ಆಮೇಲೆ ಪಿಟೀಲನ್ನು ಅಟ್ಟಕ್ಕೆ ಹಾಕಿದವರು ಎಷ್ಟು ಮನೆಯಲ್ಲಿಲ್ಲ ಹೇಳಿ? ಮಕ್ಕಳು ದೊಡ್ಡವರಾದ ಮೇಲೆ ಕೆಲವರು ಪೆಟ್ಟಿಗೆ ಕೆಳಗಿಳಿಸಿ, ಹೊಸ ತಂತಿ ಹಾಕಿಸಿ, ಮತ್ತೆ ಸರಳೆ ವರಸೆಯಿಂದ ಶುರು ಮಾಡುತ್ತಾರೆ. ಆರು ತಿಂಗಳು ಉತ್ಸಾಹ. ಆಮೇಲೆ "ಎಷ್ಟು ನುಡಿಸಿದ್ರೂ ಇದ್ದಲ್ಲೇ ಇದ್ದೀನಿ ಕಣ್ರೀ" ಎಂಬ ಬೇಸರ. ಪೆಟ್ಟಿಗೆ ಮತ್ತೆ ಅಟ್ಟ ಸೇರುವುದು ಈ ಹಂತದಲ್ಲೇ.

ದೋಷ ನಿಮ್ಮ ಬೆರಳಲ್ಲಿಲ್ಲ. ಬಾಗಿಲು ಮುಚ್ಚಿಕೊಂಡು ಒಬ್ಬರೇ ನುಡಿಸುವಾಗ ಸುಲಭದ ಕಡೆ ಓಡುತ್ತೇವೆ, ಕಷ್ಟದ ಕಡೆ ಎಳೆಯುತ್ತೇವೆ, ತಪ್ಪಿದರೆ ನಿಲ್ಲಿಸಿ ಮೊದಲಿನಿಂದ ಹಿಡಿಯುತ್ತೇವೆ. ಕೇಳುವವರು ಯಾರು, ಕುಕ್ಕರ್ ತಾನೇ! ಇನ್ನೊಬ್ಬರ ಜೊತೆ ಕೂತರೆ ಇದು ನಡೆಯೋದಿಲ್ಲ. ತಾಳ ನಿಮಗಾಗಿ ಕಾಯೋದಿಲ್ಲ. ತಪ್ಪಿದಿರಾ, ಹೋಗಲಿ ಬಿಡಿ. ಕಮಾನು ಎತ್ತಿ, ಮುಂದಿನ ಆವರ್ತದ ಎಡುಪಿನಲ್ಲಿ ಸೇರಿಕೊಳ್ಳಿ. ಬಿಟ್ಟು ಹಿಡಿಯುವ ಈ ವಿದ್ಯೆ ಒಂಟಿಯಾಗಿ ಕೂತರೆ ಬರುವಂಥದ್ದಲ್ಲ.

ಪಿಟೀಲು ಚೌಡಯ್ಯನವರನ್ನೇ (1895–1967) ನೋಡಿ. ಅವರ ಗುರು ಬಿಡಾರಂ ಕೃಷ್ಣಪ್ಪನವರು ಹಾಡುಗಾರರು. ಗುರುಗಳ ಹಾಡಿಗೆ ಪಕ್ಕವಾದ್ಯ ನುಡಿಸುತ್ತಲೇ ಬೆಳೆದ ಚೌಡಯ್ಯನವರು, ಮೈಕ್ ಇಲ್ಲದ ಕಾಲದಲ್ಲಿ ದೂರ ಕೂತವರಿಗೂ ಕೇಳಲಿ ಅಂತ ಏಳು ತಂತಿಯ ಪಿಟೀಲು ಮಾಡಿಕೊಂಡರು. ನಮಗೆ ನಾಲ್ಕೇ ಸಾಕು ಬಿಡಿ!

ಬಡಾವಣೆಯ ಭಜನೆ ಮಂಡಳಿಯಿಂದ ಶುರು ಮಾಡಿ. ಹೆಂಗಸರು ಸಾಮಾನ್ಯವಾಗಿ ಐದು, ಐದೂವರೆ ಶ್ರುತಿಯಲ್ಲಿ ಹಾಡುತ್ತಾರೆ. ಸ್ವಲ್ಪ ಮೊದಲೇ ಹೋಗಿ ಶ್ರುತಿ ಮಾಡಿಕೊಳ್ಳಿ. ಆತುರದಲ್ಲಿ ಬಿರಡೆ ತಿರುಗಿಸಿದರೆ ತೆಳು ತಂತಿ ಪಟ್ ಅನ್ನುತ್ತದೆ. ಮೊದಲ ವಾರಗಳಲ್ಲಿ ದೇವರನಾಮದ ಪಲ್ಲವಿ ಮಾತ್ರ ನುಡಿಸಿ, ಚರಣ ಕೇಳಿ. ಸಾಹಿತ್ಯ ಬಾಯಿಪಾಠ ಇರಲಿ; ಇಲ್ಲದಿದ್ದರೆ ಪದದ ಮಧ್ಯೆ ಕಮಾನು ತಿರುಗಿಸಿ ಅರ್ಥ ಕೆಡಿಸುತ್ತೀರಿ. ಪಕ್ಕದವರು ಹಾಡುವ ಮಾತು ನಿಮಗೆ ಕೇಳಿಸುತ್ತಿಲ್ಲವೇ? ಹಾಗಾದರೆ ನಿಮ್ಮದು ಜೋರಾಯಿತು.

ಜೊತೆಗೆ ಇನ್ನೊಬ್ಬ ಪಿಟೀಲಿನವರು ಸಿಕ್ಕರಂತೂ ಅದೃಷ್ಟ. ಇಬ್ಬರೂ ಒಂದೇ ಸ್ವರವನ್ನು ಉದ್ದಕ್ಕೆ ಎಳೆಯಿರಿ. ಕೂದಲೆಳೆ ವ್ಯತ್ಯಾಸವಿದ್ದರೂ ನಾದ ಅಲೆಅಲೆಯಾಗಿ ನಡುಗುತ್ತದೆ. ಆ ನಡುಕ ಹೋಗುವವರೆಗೆ ಒಬ್ಬರು ಬೆರಳು ಸರಿಸಬೇಕು. ಶ್ರುತಿ ಪೆಟ್ಟಿಗೆಗಿಂತ ಇದು ಕಿವಿಗೆ ಹೆಚ್ಚು ಕಲಿಸುತ್ತದೆ ಅನ್ನೋದು ನನ್ನ ಅಭಿಪ್ರಾಯ. ಜೊತೆಗಾರ್ತಿ ನಿಮಗಿಂತ ಸ್ವಲ್ಪ ಮುಂದಿದ್ದರೆ ಸಾಕು. ತೀರಾ ಮುಂದಿದ್ದರೆ ನೀವು ಅವರ ನಾದದ ಹಿಂದೆ ಅಡಗಿಕೊಳ್ಳುತ್ತೀರಿ.

"ವಾರಕ್ಕೆ ಎರಡು ಗಂಟೆ ಮನೆ ಬಿಡೋದು ಹ್ಯಾಗ್ರೀ?" ಬೆರಳಿಗಿಂತ ದೊಡ್ಡ ತೊಡಕು ಇದು, ಒಪ್ಪುತ್ತೇನೆ. ಒಂದು ವಾರ, ಒಂದು ಹೊತ್ತು ಗೊತ್ತು ಮಾಡಿ, "ಹೋಗಲಾ?" ಅನ್ನಬೇಡಿ, "ಹೋಗಿ ಬರ್ತೀನಿ" ಅನ್ನಿ. ಆವತ್ತೊಂದು ದಿನ ಸಂಜೆ ಕಾಫಿ ಅವರೇ ಮಾಡಿಕೊಂಡರೆ ಏನೂ ಆಗೋದಿಲ್ಲ.

ಕಣ್ಣ ಮುಂದೊಂದು ಗುರಿ ಬೇಕಾದರೆ ಪುಷ್ಯ ಬಹುಳ ಪಂಚಮಿಯ ತ್ಯಾಗರಾಜರ ಆರಾಧನೆ ಇದೆ. ಪಂಚರತ್ನ ಕೃತಿಗಳು ಐದೂ ಆದಿತಾಳದವೇ. ನಾಟ ರಾಗದ್ದೊಂದು ಕೈಗೆ ಬಂದರೂ ಗೋಷ್ಠಿಯ ಹಿಂದಿನ ಸಾಲಿನಲ್ಲಿ ಕೂರಬಹುದು. ಮಿಕ್ಕ ನಾಲ್ಕಕ್ಕೆ ಪಿಟೀಲನ್ನು ಮಡಿಲಲ್ಲಿಟ್ಟುಕೊಂಡು ತಾಳ ಹಾಕಿ.