ಸಿಯೋಲ್ ಹೂತು ತೆಗೆದ ಹಳ್ಳ

ದಕ್ಷಿಣ ಕೊರಿಯಾದ ರಾಜಧಾನಿ ಸಿಯೋಲ್‌ನ ನಡುಮಧ್ಯೆ ಚೊಂಗ್ಯೆಚೊನ್ ಎಂಬ ಹಳ್ಳ ಹರಿಯುತ್ತದೆ. ಸುತ್ತಲ ಬೆಟ್ಟಗಳಲ್ಲಿ ಸುರಿದ ಮಳೆ ಊರು ದಾಟಿ ಹೋಗುವ ದಾರಿ ಅದು. ಅರಸರ ಕಾಲದಲ್ಲೇ ಅದಕ್ಕೆ ರಾಜಕಾಲುವೆಯ ಗತಿ ಬಂದಿತ್ತು: ಮಳೆ ಬಂದರೆ ನೆರೆ, ಉಳಿದ ದಿನ ಕೊಳಚೆ.

ಹಳ್ಳದ ಮೇಲಿನ ಗ್ವಾಂಗ್‌ಟೊಂಗ್ ಸೇತುವೆಯಲ್ಲಿ ಅರಮನೆಯ ಹಗೆಯೊಂದು ಉಳಿದುಕೊಂಡಿದೆ. ದೊರೆ ತೇಜೊಂಗ್‌ಗೆ ಮಲತಾಯಿ ಸಿಂದೊಕ್‌ಳನ್ನು ಕಂಡರಾಗುತ್ತಿರಲಿಲ್ಲ. ಆಕೆ ಸತ್ತ ಮೇಲೂ ಸಿಟ್ಟು ಇಳಿಯಲಿಲ್ಲ. 1410ರಲ್ಲಿ ಅವಳ ಸಮಾಧಿಯ ಕೆತ್ತನೆಗಲ್ಲುಗಳನ್ನೇ ತರಿಸಿ ಈ ಸೇತುವೆಗೆ ಬಳಸಿದ. ಊರವರೆಲ್ಲ ತುಳಿದು ಓಡಾಡಲಿ ಎಂದೇ ಹೀಗೆ ಮಾಡಿದನೆಂದು ಹೇಳುವುದುಂಟು. ಕೆಲವು ಕಲ್ಲುಗಳ ಕೆತ್ತನೆ ಇಂದಿಗೂ ತಲೆಕೆಳಗಾಗಿಯೇ ಇದೆ.

ನೆರೆ ತಡೆಯಲೆಂದು 1760ರಲ್ಲಿ ಯೊಂಗ್ಜೊ ದೊರೆ ಸುಮಾರು 2 ಲಕ್ಷ ಜನರನ್ನು ಹಚ್ಚಿ 57 ದಿನ ಹಳ್ಳದ ಹೂಳೆತ್ತಿಸಿದ.

ಕೊರಿಯಾ ಯುದ್ಧ ಮುಗಿದಾಗ ನೆಲೆ ಕಳೆದುಕೊಂಡವರು ದಂಡೆಯುದ್ದಕ್ಕೂ ಗುಡಿಸಲು ಹಾಕಿಕೊಂಡರು. ನಾತ, ಕಸ, ರೋಗ. ಸರ್ಕಾರ ಕಂಡುಕೊಂಡ ಮದ್ದು ಕಾಂಕ್ರೀಟ್. 1958ರಿಂದ ಹಳ್ಳದ ಮೇಲೆ ಚಪ್ಪಡಿ ಎಳೆಯುತ್ತ ಬಂದರು. 1970ರ ದಶಕದ ಹೊತ್ತಿಗೆ ಅದರ ಮೇಲೊಂದು ಮೇಲ್ಸೇತುವೆ ರಸ್ತೆಯೂ ಎದ್ದಿತು. ಆಗ ಅದೇ ದೇಶದ ಪ್ರಗತಿಯ ಗುರುತು. ಹೊಸ ನಗರಗಳಿಗೆ ಫ್ಲೈಓವರ್ ಮೇಲಿನ ಮೋಹ ಎಲ್ಲ ಕಡೆಯೂ ಒಂದೇ!

ಆದರೆ ಕೆಳಗೆ ಹೊಲಸು ನೀರಿನ ಅನಿಲಕ್ಕೆ ಕಾಂಕ್ರೀಟಿನೊಳಗಿನ ಕಂಬಿ ತುಕ್ಕು ಹಿಡಿಯತೊಡಗಿತು. ರಿಪೇರಿಗೇ ಹಣ ಸುರಿಯಬೇಕಾದ ಸ್ಥಿತಿ ಬಂದಾಗ, ರಸ್ತೆಯನ್ನೇ ಕೆಡವಿ ಹಳ್ಳ ತೆರೆಯುತ್ತೇನೆಂದು ಮಾತು ಕೊಟ್ಟು ಲೀ ಮ್ಯುಂಗ್ ಬಾಕ್ 2002ರಲ್ಲಿ ಮೇಯರ್ ಆದರು. ಅವರು ಹಿಂದೆ ಹ್ಯುಂಡೈ ನಿರ್ಮಾಣ ಕಂಪನಿಯ ಮುಖ್ಯಸ್ಥರಾಗಿದ್ದವರು. ವಾಹನ ಸಂಚಾರ ಕಟ್ಟಿಹೋಗುತ್ತದೆ ಎಂಬ ಕೂಗು ಎದ್ದಿತು, ಬೀದಿ ವ್ಯಾಪಾರಿಗಳು ಪ್ರತಿಭಟಿಸಿದರು. ಆದರೂ 2003ರ ಜುಲೈನಲ್ಲಿ ಕೆಡವುವ ಕೆಲಸ ಶುರುವಾಗಿ, 2005ರ ಅಕ್ಟೋಬರ್‌ನಲ್ಲಿ ಸುಮಾರು 5.8 ಕಿಲೋಮೀಟರ್ ಹಳ್ಳ ಬಯಲಿಗೆ ಬಂತು. ಮೇಲ್ಸೇತುವೆಯ ಮೂರು ಕಂಬಗಳನ್ನು ಮಾತ್ರ ನೆನಪಿಗೆಂದು ಬಿಟ್ಟರು. ಮುಂದೆ ಲೀ ದೇಶದ ಅಧ್ಯಕ್ಷರೂ ಆದರು.

ಈಗ ಅಲ್ಲಿ ಮೀನಿದೆ, ಕೊಕ್ಕರೆಯಿದೆ, ಸಂಜೆ ಕಾಲು ಇಳಿಬಿಟ್ಟು ಕೂರುವ ಜನರಿದ್ದಾರೆ. ಸುತ್ತಲ ಬಿಸಿಯೂ ಕೊಂಚ ತಗ್ಗಿದೆ. ಆದರೆ ನೀರು ಹಳ್ಳದ್ದಲ್ಲ. ಮಳೆ ನಿಂತರೆ ಒಣಗುವ ಪಾತ್ರಕ್ಕೆ ದಿನಕ್ಕೆ ಸುಮಾರು 12 ಕೋಟಿ ಲೀಟರ್ ನೀರನ್ನು ಪಂಪ್ ಮಾಡಿ ಹರಿಸುವ ಯೋಜನೆ ಇದು. ಹೆಚ್ಚಿನ ಪಾಲು ಹಾನ್ ನದಿಯದು. ಪರಿಸರವಾದಿಗಳು ಇದನ್ನು ಕಾಂಕ್ರೀಟಿನ ಮೀನುತೊಟ್ಟಿ ಎಂದು ಜರೆದದ್ದರಲ್ಲಿ ಹುರುಳಿದೆ. ಚೊಂಗ್ಯೆಚೊನ್‌ಗೆ ನೀರೂಡುತ್ತಿದ್ದ ಬೆಗುಂದೊಂಗ್, ಜುಂಗ್‌ಹಾಕ್ ತೊರೆಗಳು ಇನ್ನೂ ಬಹುಪಾಲು ರಸ್ತೆಯಡಿಯಲ್ಲೇ ಇವೆ. ಅವು ಹೊರಬರುವ ತನಕ ಇದನ್ನು ಒಳ್ಳೆಯ ಉದ್ಯಾನವೆನ್ನಬಹುದು, ಮರಳಿ ಬಂದ ಹಳ್ಳವೆನ್ನಲಾಗದು.