ಡ್ರ್ಯಾಗನ್ ಕೊಲ್ಲಲು ಬರಿಗೈ ಸಾಕು!

ಚಿತ್ರವಿಲ್ಲ, ಸದ್ದಿಲ್ಲ, ಬಣ್ಣವಿಲ್ಲ. ಕಪ್ಪು ಪರದೆಯ ಮೇಲೆ ನಾಲ್ಕು ಸಾಲು ಇಂಗ್ಲಿಷು, ಕೆಳಗೆ ಮಿಣುಕುವ ಕರ್ಸರ್. ರಸ್ತೆ ಮುಗಿಯುವಲ್ಲಿ ನಿಂತಿದ್ದೀರಿ, ಎದುರಿಗೆ ಇಟ್ಟಿಗೆಯ ಪುಟ್ಟ ಕಟ್ಟಡ, ಅದರೊಳಗಿಂದ ಹರಿದುಬರುವ ತೊರೆ. ಇಷ್ಟು ಹೇಳಿ ಕಂಪ್ಯೂಟರ್ ಸುಮ್ಮನಾಗುತ್ತದೆ! ಮುಂದಿನದನ್ನು ನೀವೇ ಟೈಪ್ ಮಾಡಬೇಕು. ‘ಕೊಲೋಸಲ್ ಕೇವ್ ಅಡ್ವೆಂಚರ್’ ಶುರುವಾಗುವುದೇ ಹೀಗೆ. ನಾಗಪುರದ ಅಂಚಿನ ವಾಡಿಯಲ್ಲಿ, ಅಮರಾವತಿ ರಸ್ತೆಯ ಲಾರಿಗಳ ಗದ್ದಲದ ನಡುವೆ, ಅರ್ಧ ಶತಮಾನದಷ್ಟು ಹಳೆಯ ಈ ಆಟ ನನ್ನ ಲ್ಯಾಪ್‌ಟಾಪಿಗೆ ಇಳಿದದ್ದು ಕಣ್ಣು ಮಿಟುಕಿಸುವಷ್ಟರಲ್ಲಿ!

ಗುಹೆಯೊಳಗೊಂದು ಹಕ್ಕಿ. ಹಿಡಿಯಹೋದರೆ ಬೆದರುತ್ತದೆ. ಯಾಕೆ? ನಿಮ್ಮ ಕೈಲಿರುವ ಕಪ್ಪು ಕೋಲಿಗೆ! ಕೋಲು ಕೆಳಗಿಟ್ಟರೆ ಪಂಜರಕ್ಕೆ ಬರುತ್ತದೆ. ಮುಂದೆ ದಾರಿಗಡ್ಡ ಮಲಗಿದ ಹಾವನ್ನು ಓಡಿಸುವುದೂ ಅದೇ ಪುಟ್ಟ ಹಕ್ಕಿ! ಇನ್ನೊಂದೆಡೆ ಡ್ರ್ಯಾಗನ್. ಕೊಲ್ಲು ಎಂದರೆ, ಬರಿಗೈಯಲ್ಲಾ ಎಂದು ಕಂಪ್ಯೂಟರ್ ಅಣಕಿಸುತ್ತದೆ. ಹೌದು ಎಂದು ಟೈಪ್ ಮಾಡಿ ನೋಡಿ, ಡ್ರ್ಯಾಗನ್ ಸತ್ತೇಹೋಯಿತು!

ಇದಕ್ಕೂ ಮೀರಿದ ಬೆರಗು ಬೇರೆಯಿದೆ: ಆ ಗುಹೆ ನಿಜಕ್ಕೂ ಇದೆ! ಅಮೆರಿಕದ ಕೆಂಟಕಿಯ ಮ್ಯಾಮತ್ ಗುಹಾಜಾಲದ ಬೆಡ್‌ಕ್ವಿಲ್ಟ್ ಭಾಗ ಅದು. ಇಂಟರ್‌ನೆಟ್ಟಿನ ಮೂಲವಾದ ಅರ್ಪಾನೆಟ್‌ಗೆ ಪ್ರೋಗ್ರಾಂ ಬರೆದ ವಿಲ್ ಕ್ರೌದರ್ ಗುಹೆ ಹೊಕ್ಕು ನಕ್ಷೆ ತಯಾರಿಸುತ್ತಿದ್ದವರು. ದಾಂಪತ್ಯ ಮುರಿದ ಮೇಲೆ, 1975-76ರ ಸುಮಾರಿಗೆ, ತಮ್ಮ ಪುಟ್ಟ ಹೆಣ್ಣುಮಕ್ಕಳಿಗಾಗಿ ಆ ಗುಹೆಯನ್ನು ಫೋರ್ಟ್ರಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಆಟವಾಗಿಸಿದರು. ಅದು ಸ್ಟ್ಯಾನ್‌ಫರ್ಡ್‌ನ ಡಾನ್ ವುಡ್ಸ್ ಕೈಗೆ ಸಿಕ್ಕಿತು. ಬರೆದವರು ಎಲ್ಲಿದ್ದಾರೋ ತಿಳಿಯದೆ, ನೆಟ್‌ವರ್ಕಿನ ಪ್ರತಿ ಕಂಪ್ಯೂಟರಿಗೂ ಕ್ರೌದರ್ ಹೆಸರಿಗೆ ಇಮೇಲ್ ಕಳಿಸಿಬಿಟ್ಟರು! ಒಪ್ಪಿಗೆ ಪಡೆದು 1977ರಲ್ಲಿ ಆಟವನ್ನು ಹಿಗ್ಗಿಸಿದರು. ಅದೇ ವರ್ಷ ಎಂಐಟಿಯಲ್ಲಿ ಇದರ ಗುಂಗಿನಲ್ಲೇ ‘ಜೋರ್ಕ್’ ಎಂಬ ಇನ್ನೊಂದು ಆಟ ಹುಟ್ಟಿತು. ಆಟ ಆಡಿ ಆಡಿ ದಾರಿ ಕಂಠಪಾಠವಾಗಿದ್ದ ಗುಹಾಪ್ರೇಮಿಯೊಬ್ಬರು ಬೆಡ್‌ಕ್ವಿಲ್ಟ್‌ಗೆ ಮೊದಲ ಸಲ ಇಳಿದಾಗ ತಾವೇ ದಾರಿ ಹಿಡಿದು ಸಾಗಿದರು ಎಂಬ ಕತೆಯೂ ಇದೆ!

ಈ ಆಟ ಇನ್ನೂ ಬದುಕಿರುವ ಗುಟ್ಟೇನು? ನಿನ್ನೆಯ ಗ್ರಾಫಿಕ್ಸ್ ಇವತ್ತಿಗೆ ಪೇಲವ. ಆದರೆ ‘ಕತ್ತಲ ಗುಹೆ’ ಎಂದರೆ ಸಾಕು, ಅದರ ತೇವ, ಇಕ್ಕಟ್ಟು, ಸದ್ದು ಎಲ್ಲವನ್ನೂ ಓದುವವರೇ ಕಟ್ಟಿಕೊಳ್ಳುತ್ತಾರೆ. ಅಜ್ಜಿ ಒಗಟು ಹಾಕಿ ಸುಮ್ಮನೆ ಕೂತಂತೆ, ಆಟವೂ ಕಾಯುತ್ತದೆ. ಟೈಮರ್ ತಲೆಮೇಲೆ ಕೂತಿರುವುದಿಲ್ಲ, ಜಾಹೀರಾತು ನುಗ್ಗುವುದಿಲ್ಲ.

ಲಿನಕ್ಸ್ ಇದ್ದರೆ ಈ ಆಟವಿರುವ ‘ಬಿಎಸ್‌ಡಿಗೇಮ್ಸ್’ ಹಾಕಿಕೊಳ್ಳಿ, ಪೆನ್ಸಿಲು-ಹಾಳೆ ಪಕ್ಕದಲ್ಲಿರಲಿ, ನಕ್ಷೆ ಬರೆಯದಿದ್ದರೆ ಚಕ್ರವ್ಯೂಹದಲ್ಲಿ ಸಿಕ್ಕಿಕೊಳ್ಳುವುದು ಖಂಡಿತ! ಪ್ರೋಗ್ರಾಮಿಂಗ್ ಕಲಿಯುತ್ತಿರುವ ಹುಡುಗ ಹುಡುಗಿಯರಿಗೆ ಇನ್ನೊಂದು ಮಾತು: 2017ರಿಂದ ಪ್ರೋಗ್ರಾಮರ್ ಎರಿಕ್ ರೇಮಂಡ್ ಈ ಆಟದ ಮೂಲ ಕೋಡನ್ನು ‘ಓಪನ್ ಅಡ್ವೆಂಚರ್’ ಹೆಸರಿನಲ್ಲಿ ಎಲ್ಲರಿಗೂ ಮುಕ್ತವಾಗಿಟ್ಟಿದ್ದಾರೆ. ಅದನ್ನು ಬಿಚ್ಚಿ ನೋಡಿ. ಆಮೇಲೆ ಯಾಣದ ಬಂಡೆಗಳ ಸಂದಿಯಲ್ಲೋ ಬಾದಾಮಿಯ ಗುಹೆಗಳಲ್ಲೋ ನಡೆಯುವಂಥ ಆಟವೊಂದನ್ನು ಕನ್ನಡದಲ್ಲೇ ಬರೆಯಿರಿ. ಅದಕ್ಕೆ ದುಬಾರಿ ಕಂಪ್ಯೂಟರ್ ಬೇಡ, ಒಳ್ಳೆಯ ಕನ್ನಡವೊಂದಿದ್ದರೆ ಸಾಕು.