ಕರೆಂಟು ಹೋದರೆ ನೀರೂ ಹೋಗುತ್ತದೆ

2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿ.ಮೀ. ಮಳೆ ಸುರಿಯಿತು. ಅದೇ ಹೊತ್ತಿಗೆ ಕೊಲಾಬಾದಲ್ಲಿ 75 ಮಿ.ಮೀ. ಕೂಡ ಬೀಳಲಿಲ್ಲ. ಆ ಮಳೆಯನ್ನು ಮುಂಬಯಿಯವರು ಮರೆತಿಲ್ಲ. ಆದರೆ ಮಳೆ ನಿಂತ ಮೇಲೂ ಉಪನಗರಗಳ ತಗ್ಗುಪ್ರದೇಶದ ಎಷ್ಟೋ ಮನೆಗಳಲ್ಲಿ ದಿನಗಟ್ಟಲೆ ಕರೆಂಟಿರಲಿಲ್ಲ ಎಂಬುದು ಮಾತ್ರ ಮರೆತಂತಿದೆ.

ಮರೆಯುವುದಕ್ಕೂ ಕಾರಣವಿದೆ. ಹೊರಗಿನ ವಿದ್ಯುತ್ ಜಾಲ ಕುಸಿದರೆ ನಗರವನ್ನು ಅದರಿಂದ ಬೇರ್ಪಡಿಸಿ, ಇಲ್ಲಿನ ಸ್ವಂತ ಉತ್ಪಾದನೆಯಿಂದಲೇ ನಡೆಸುವ 'ಐಲ್ಯಾಂಡಿಂಗ್' ವ್ಯವಸ್ಥೆ ಮುಂಬಯಿಗೆ ದಶಕಗಳಿಂದ ಇದೆ; ಹಾಗಾಗಿ ಇಲ್ಲಿ ಕರೆಂಟು ಹೋಗುವುದೇ ಅಪರೂಪ. 2020ರ ಅಕ್ಟೋಬರ್ 12ರಂದು ಅದೂ ಕೈಕೊಟ್ಟಿತು, ಲೋಕಲ್ ರೈಲುಗಳು ನಿಂತಲ್ಲೇ ನಿಂತವು. ಕಡಲೂ ಸುಮ್ಮನಿಲ್ಲ: ಅದೇ ವರ್ಷ ಜೂನ್ 3ರಂದು ಮುಂಬಯಿಯತ್ತ ಬರುತ್ತಿದ್ದ 'ನಿಸರ್ಗ' ಚಂಡಮಾರುತ ಅಲಿಬಾಗ್ ಬಳಿ ದಡ ಹತ್ತಿತು. ಮರುವರ್ಷ ಮೇ 17ರಂದು 'ತೌಕ್ತೆ' ದೂರದ ಕಡಲಲ್ಲೇ ಹಾದುಹೋಯಿತು, ಆದರೂ ಕೊಲಾಬಾದಲ್ಲಿ ಗಾಳಿ ಗಂಟೆಗೆ 114 ಕಿ.ಮೀ. ವೇಗಕ್ಕೇರಿತು.

ಚಂಡಮಾರುತದ ನಡುಭಾಗದಲ್ಲಿ ಗಾಳಿಯ ಒತ್ತಡ ಕಡಿಮೆ. ಒತ್ತಡ ಒಂದು ಹೆಕ್ಟೊಪಾಸ್ಕಲ್ ಇಳಿದರೆ ಕಡಲ ಮಟ್ಟ ಸುಮಾರು ಒಂದು ಸೆಂಟಿಮೀಟರ್ ಏರುತ್ತದೆ. 30 ಇಳಿದರೆ ಒಂದಡಿ. ಗಾಳಿ ದಡಕ್ಕೆ ತಳ್ಳುವ ನೀರು ಇದರ ಮೇಲೆ ಬೇರೆ. ಮುಂಬಯಿಯ ಹಳೆಯ ಮಳೆನೀರಿನ ಕಾಲುವೆಗಳಲ್ಲಿ ಬಹಳಷ್ಟರ ಬಾಯಿ ಭರತದ ಮಟ್ಟಕ್ಕಿಂತ ಕೆಳಗಿದೆ. ನಾಲ್ಕೂವರೆ ಮೀಟರಿನ ಭರತವೂ ಜಡಿಮಳೆಯೂ ಒಟ್ಟಿಗೆ ಬಂದರೆ ಬೀದಿಯ ನೀರಿಗೆ ಹೋಗಲು ದಾರಿಯೇ ಇಲ್ಲ. ಅದು ಕಟ್ಟಡದ ನೆಲಮಹಡಿಗೆ ನುಗ್ಗುತ್ತದೆ. ಮೀಟರ್ ರೂಮ್ ಇರುವುದೂ ಅಲ್ಲೇ!

ಶುದ್ಧ ನೀರಿನಲ್ಲಿ ವಿದ್ಯುತ್ ಹರಿಯುವುದು ಕಷ್ಟ. ಬೀದಿಯ ನೀರಿನಲ್ಲಿ ಉಪ್ಪು, ಚರಂಡಿಯ ಕೊಳೆ ಎಲ್ಲ ಬೆರೆತಿರುವುದರಿಂದ ವಿದ್ಯುತ್ ಸಲೀಸಾಗಿ ಹರಿಯುತ್ತದೆ. ಅದಕ್ಕೇ ನೀರು ಮೀಟರಿನ ಹತ್ತಿರ ಬಂದೊಡನೆ ವಿದ್ಯುತ್ ಕಂಪನಿಯವರೇ ಕರೆಂಟು ತೆಗೆಯುತ್ತಾರೆ. ಅವರನ್ನು ಬೈಯಬೇಡಿ, ಜೀವ ಉಳಿಸುವ ಕೆಲಸವದು. ನೀವೂ ನೀರು ಮನೆಯೊಳಗೆ ಬರುವ ಮೊದಲೇ ಮೇನ್ ಸ್ವಿಚ್ ಆಫ್ ಮಾಡಿ. ನೀರು ಇಳಿದ ಮೇಲೂ ಪ್ಲಗ್ಗಿನೊಳಗೆ ಉಪ್ಪಿನ ಪೊರೆ ಉಳಿದು ತೇವ ಹಿಡಿದಿಟ್ಟುಕೊಳ್ಳುತ್ತದೆ. ಎಲೆಕ್ಟ್ರಿಷಿಯನ್ ನೋಡದೆ ಸ್ವಿಚ್ ಹಾಕಬಾರದು. 30 ಮಿಲಿಆಂಪಿಯರ್ ಕರೆಂಟು ಸೋರಿದರೂ ಕ್ಷಣದಲ್ಲಿ ಕಡಿದುಹಾಕುವ ಇಎಲ್‌ಸಿಬಿ ಮನೆಯಲ್ಲಿರಲೇಬೇಕು.

ಕತ್ತಲೆಯನ್ನಾದರೂ ಸಹಿಸಬಹುದು. ಕಷ್ಟ ಶುರುವಾಗುವುದು ನಲ್ಲಿಯಲ್ಲಿ. ಮಹಾನಗರಪಾಲಿಕೆಯ ನೀರು ಬರುವುದು ಕಟ್ಟಡದ ಸಂಪಿಗೆ; ಅಲ್ಲಿಂದ ತಾರಸಿಯ ಟ್ಯಾಂಕಿಗೆ ಹತ್ತಿಸುವುದು ಪಂಪು. ಕರೆಂಟು ಹೋಗಿ ಪಂಪು ನಿಂತರೆ ಹತ್ತನೆಯ ಮಹಡಿಗೆ ಲಿಫ್ಟೂ ಇಲ್ಲ, ನೀರೂ ಇಲ್ಲ. ಹವಾಮಾನ ಇಲಾಖೆ ರೆಡ್ ಅಲರ್ಟ್ ಕೊಟ್ಟ ದಿನ ಮೊದಲು ತಾರಸಿಯ ಟ್ಯಾಂಕು, ಆಮೇಲೆ ಮನೆಯ ಬಕೆಟ್ಟು, ಡ್ರಮ್ಮು ತುಂಬಿಸಬೇಕು. ಮುಚ್ಚಳದ ಸಂದಿನಿಂದ ಗಟಾರದ ನೀರು ಸಂಪಿಗೆ ಇಳಿದಿದ್ದರೆ ಪಂಪು ಹಾಕಲೇಬೇಡಿ. ಸಂಪು ಖಾಲಿ ಮಾಡಿ, ತೊಳೆದು, ಕ್ಲೋರಿನ್ ಹಾಕಿದ ಮೇಲೆಯೇ ನೀರು ಮೇಲೇರಲಿ. ಆಗಲೂ ಕುದಿಸಿಯೇ ಕುಡಿಯಿರಿ.

'ನಮ್ಮಲ್ಲಿ ಇನ್ವರ್ಟರ್ ಇದೆ' ಎನ್ನುವವರು ಒಂದು ಸಣ್ಣ ಲೆಕ್ಕ ಹಾಕಲಿ. 12 ವೋಲ್ಟಿನ 150 ಆಂಪಿಯರ್-ಅವರ್ ಬ್ಯಾಟರಿಯಲ್ಲಿ 1800 ವ್ಯಾಟ್-ಗಂಟೆ ಶಕ್ತಿಯಿದೆ. ನಷ್ಟ ಕಳೆದು ಕೈಗೆ ಸಿಗುವುದು 1200 ಅನ್ನಿ. 75 ವ್ಯಾಟಿನ ಎರಡು ಹಳೆಯ ಫ್ಯಾನು, 9 ವ್ಯಾಟಿನ ಎರಡು ಎಲ್‌ಇಡಿ ಬಲ್ಬು ಹಾಕಿದರೆ ಏಳು ಗಂಟೆಯಲ್ಲಿ ಮುಗಿಯಿತು. 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನುಗಳಾದರೆ ಹದಿನೈದು ಗಂಟೆ. ಅಂಥದೊಂದೇ ಫ್ಯಾನು, ಒಂದೇ ಬಲ್ಬು ಸಾಕೆಂದರೆ ಒಂದು ದಿನ ದಾಟಿಸಬಹುದು. ದೊಡ್ಡ ಬ್ಯಾಟರಿಗಿಂತ ಫ್ಯಾನು ಬದಲಿಸುವುದೇ ಜಾಣತನ ಎಂದು ನನಗನ್ನಿಸುತ್ತದೆ. ಜನರೇಟರನ್ನು ಮಾತ್ರ ಬಾಲ್ಕನಿಯಲ್ಲಾಗಲಿ, ಮುಚ್ಚಿದ ಪಾರ್ಕಿಂಗಿನಲ್ಲಾಗಲಿ ಓಡಿಸಬಾರದು. ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ.

ಫ್ರಿಜ್ಜಿನ ಬಾಗಿಲು ತೆರೆಯದಿದ್ದರೆ ನಾಲ್ಕು ಗಂಟೆ ತಂಪು ಉಳಿದೀತು. ಮೊಬೈಲ್ ಟವರುಗಳೂ ಬ್ಯಾಟರಿ ನಂಬಿಕೊಂಡವೇ, ಹೀಗಾಗಿ ಹೇಳಬೇಕಾದವರಿಗೆ ಮೊದಲೇ ಹೇಳಿಬಿಡಿ. ಪಾಲಿಕೆಯ ತುರ್ತು ಸಂಖ್ಯೆ 1916.

ಇಷ್ಟೆಲ್ಲ ಮನೆಮಟ್ಟಿನ ತಯಾರಿ. ನೆಲಮಹಡಿಯ ಮೀಟರುಗಳು ಮುಳುಗಿದರೆ ಹತ್ತನೆಯ ಮಹಡಿಯ ತಯಾರಿಯೆಲ್ಲ ಒಂದೆರಡು ದಿನಕ್ಕಷ್ಟೆ. ಈ ಸಲ ಮಳೆಗಾಲಕ್ಕೆ ಮೊದಲು ಸೊಸೈಟಿಯ ಸಭೆ ಕರೆದಾಗ, ಗೋಡೆಗೆ ಯಾವ ಬಣ್ಣ ಎಂಬ ಚರ್ಚೆ ಶುರುವಾಗುವ ಮುಂಚೆ, ಮೀಟರುಗಳನ್ನೂ ಪಂಪನ್ನೂ ಎಷ್ಟಡಿ ಮೇಲಕ್ಕೆತ್ತಬೇಕೆಂಬ ಮಾತನ್ನು ನೀವೇ ಎತ್ತಿ.